ಮಗುವನ್ನು ಪ್ರದಾನ ಮಾಡಬೇಕಾಗಿದ್ದ ಮಂಗಳವಾರ

ನಮ್ಮೂರಲ್ಲಿ ಉಪ್ಪನ್ನೂ ಪ್ರದಾನವೇ ಮಾಡಬೇಕು. ಬೇರೆ ಊರುಗಳಲ್ಲಿ ಒಬ್ಬರು ಇನ್ನೊಬ್ಬರಿಗೆ ಸುಮ್ಮನೆ ಕೈ ಚಾಚಿ ಕೊಡುತ್ತಾರಂತೆ, ತೆಗೆದುಕೊಂಡವರು ಚೀಲಕ್ಕೆ ಹಾಕಿಕೊಂಡು ಹೋಗುತ್ತಾರಂತೆ. ನಮ್ಮಲ್ಲಿ ಹಾಗೆ ಕೊಟ್ಟದ್ದು ನಿಲ್ಲುವುದಿಲ್ಲ. ಹತ್ತು ಎಣಿಸುವುದರೊಳಗೆ ಕೊಟ್ಟವರ ಕೈಯಲ್ಲೇ ಇರುತ್ತದೆ. ನಡುವೆ ಮೂರನೆಯವರೊಬ್ಬರು ಬೇಕು. ಅವರು ಕೊಡುವವರ ಕಡೆಯವರೂ ಆಗಿರಬಾರದು, ತೆಗೆದುಕೊಳ್ಳುವವರ ಕಡೆಯವರೂ ಆಗಿರಬಾರದು. ಅವರನ್ನು ಅತಿಥಿಗಳು ಎನ್ನುತ್ತೇವೆ. ಶಾಲೆಯ ವಾರ್ಷಿಕೋತ್ಸವದಲ್ಲಿ ಸ್ಟೀಲ್ ಲೋಟ ತಂದಿಟ್ಟವರು ಯಾರೋ, ಅದನ್ನು ಎತ್ತಿ ಮಕ್ಕಳ ಕೈಗಿಡುವವರು ಯಾರೋ ಅಲ್ಲವೇ, ಹಾಗೆ. ನಮಗೆ ದಿನವೆಲ್ಲ ವಾರ್ಷಿಕೋತ್ಸವ.

ಬೆಳಿಗ್ಗೆ ಅಮ್ಮ ದೋಸೆ ಹುಯ್ದು ಎದುರುಮನೆಯ ಕಾತ್ಯಾಯಿನಮ್ಮನನ್ನು ಕೂಗುತ್ತಾಳೆ. ಅವರು ಸೆರಗಿಗೆ ಕೈ ಒರೆಸಿಕೊಂಡು ಬಂದು, ತಟ್ಟೆಯನ್ನು ಎತ್ತಿ ನನಗೆ ಪ್ರದಾನ ಮಾಡಿ, ಎರಡು ಮಾತಾಡುತ್ತಾರೆ. ಎರಡು ಮಾತಾಡದಿದ್ದರೆ ದೋಸೆ ಮತ್ತೆ ಕಾವಲಿಗೇ ಹೋಗುತ್ತದೆ. ಇಂಥ ಹೆಣ್ಣುಮಕ್ಕಳು ಊರಿಗೆ ಕೀರ್ತಿ ತರಲಿ ಎಂದು ಅವರು ದಿನಾ ಹಾರೈಸುತ್ತಾರೆ, ಹತ್ತೊಂಬತ್ತು ವರ್ಷದಿಂದ ಅದೇ ಹಾರೈಕೆ, ನಾನು ಇನ್ನೂ ತಂದಿಲ್ಲ. ಅರ್ಧ ಗಂಟೆ ಬಿಟ್ಟು ಅಮ್ಮ ಅವರ ಮನೆಗೆ ಹೋಗಿ ಅವರ ಉಪ್ಪಿಟ್ಟಿಗೆ ಅತಿಥಿಯಾಗುತ್ತಾಳೆ. ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟನ್ನು ಪಕ್ಕದ ಸೀಟಿನವರ ಕೈಯಿಂದ ಕೊಡಿಸುತ್ತಾನೆ. ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ ಬಸ್ಸೇ ಹೊರಡುವುದಿಲ್ಲ. ನನ್ನ ಗೆಳತಿ ವೈಜಯಂತಿ ಒಬ್ಬ ಹುಡುಗನಿಗೆ ಪತ್ರ ಬರೆದಾಗ ನಾನೇ ಅತಿಥಿಯಾಗಿ ಹೋಗಿದ್ದೆ. ಎರಡು ಮಾತಾಡುವಾಗ ಅವನ ಹೇರ್‌ಸ್ಟೈಲ್ ಬಗ್ಗೆ ನನಗನ್ನಿಸಿದ್ದನ್ನು ಹೇಳಿಬಿಟ್ಟೆ. ಅವರ ಪ್ರೇಮ ಅಲ್ಲಿಗೇ ಮುಗಿಯಿತು, ವೈಜಯಂತಿ ಈಗಲೂ ನನ್ನ ಜೊತೆ ಸರಿಯಾಗಿ ಮಾತಾಡುವುದಿಲ್ಲ.

ಸಣ್ಣಪುಟ್ಟ ಪ್ರದಾನಗಳಿಗೆ ಯಾರಾದರೂ ಆಗುತ್ತಾರೆ. ದೊಡ್ಡದಕ್ಕೆ ದೊಡ್ಡವರೇ ಬೇಕು. ಊರಲ್ಲಿ ಎಲ್ಲಕ್ಕಿಂತ ದೊಡ್ಡ ಪ್ರದಾನ ಎಂದರೆ ಹುಟ್ಟಿದ ಮಗುವನ್ನು ತಾಯಿಗೆ ಕೊಡುವುದು. ಅದಕ್ಕೆಂದೇ ಹೆರಿಗೆ ಆಸ್ಪತ್ರೆಯ ಪಡಸಾಲೆಯಲ್ಲಿ ಒಂದು ಪುಟ್ಟ ವೇದಿಕೆ ಇದೆ, ಮೈಕು ಇದೆ, ಹೂದಾನಿ ಇದೆ, ಮುಖ್ಯ ಅತಿಥಿಗಳಿಗೆ ಹಿಡಿಕೆಯಿರುವ ಒಂದೇ ಒಂದು ಕುರ್ಚಿ ಇದೆ. ಆ ಒಂದು ಎನ್ನುವುದೇ ನಮ್ಮ ಮನೆಯ ಕಷ್ಟಕ್ಕೆ ಕಾರಣವಾದದ್ದು. ಆ ಕಷ್ಟವನ್ನು ತಂದಿಟ್ಟವಳು ನಾನು.

ನನ್ನ ಅಕ್ಕ ನಳಿನಿಗೆ ಆ ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಹೆಣ್ಣುಮಗು ಹುಟ್ಟಿತು. ಅತಿಥಿಗಳನ್ನು ಕರೆಯುವ ಕೆಲಸ ನನ್ನದಾಗಿತ್ತು. ನಾನು ನಿವೃತ್ತ ಹೆಡ್‌ಮಾಸ್ಟರ್ ಗುರುಬಸಪ್ಪನವರಿಗೆ ಮೆಸೇಜು ಕಳಿಸಿದೆ, ತಾವು ಬಂದು ನಮ್ಮ ಮಗುವನ್ನು ಪ್ರದಾನ ಮಾಡಿಕೊಡಬೇಕು ಅಂತ. ಐದು ನಿಮಿಷವಾದರೂ ಅವರು ನೋಡಲಿಲ್ಲ. ನನಗೆ ಐದು ನಿಮಿಷ ಎಂದರೆ ಒಂದು ಯುಗ. ಅದೇ ಮೆಸೇಜನ್ನು ಸೋಡಾ ಫ್ಯಾಕ್ಟರಿ ಧರಣೇಂದ್ರಯ್ಯನವರಿಗೆ ಕಳಿಸಿದೆ. ಹನ್ನೊಂದೂ ಮುಕ್ಕಾಲಿಗೆ ಆಸ್ಪತ್ರೆಯ ಮುಂದೆ ಎರಡು ಆಟೋ ನಿಂತವು. ಒಂದರಿಂದ ಹೆಡ್‌ಮಾಸ್ಟರು ಇಳಿದರು, ಇನ್ನೊಂದರಿಂದ ಧರಣೇಂದ್ರಯ್ಯನವರು ಇಳಿದರು. ಇಬ್ಬರೂ ಇಸ್ತ್ರಿ ಮಾಡಿದ ಬಿಳಿ ಅಂಗಿ, ಇಬ್ಬರ ಜೇಬಿನಲ್ಲೂ ನಾಲ್ಕು ಮಡಿಕೆಯಾದ ಭಾಷಣ.

ನಮ್ಮೂರಿನ ಚರಿತ್ರೆಯಲ್ಲಿ ಒಂದು ಮಗುವಿಗೆ ಇಬ್ಬರು ಮುಖ್ಯ ಅತಿಥಿಗಳು ಬಂದದ್ದು ಅದೇ ಮೊದಲು. ಹಾಗಂತ ಅವರು ಜಗಳವಾಡಲಿಲ್ಲ. ಜಗಳವಾಡಿದ್ದರೆ ಒಬ್ಬರಾದರೂ ಗೆಲ್ಲುತ್ತಿದ್ದರು. ಅವರು ಮರ್ಯಾದೆ ಮಾಡಿದರು. ನಮ್ಮಲ್ಲಿ ಮೊದಲು ಮಾತಾಡಿದವರು ಬರೀ ಅತಿಥಿ, ಕೊನೆಗೆ ಮಾತಾಡಿ ಪ್ರದಾನ ಮಾಡುವವರೇ ಮುಖ್ಯ ಅತಿಥಿ. ಅದಕ್ಕೆ ಹೆಡ್‌ಮಾಸ್ಟರು ಕೈ ಮುಗಿದು, ಧರಣೇಂದ್ರಯ್ಯನವರೇ, ಮೊದಲು ತಮ್ಮ ಅಮೃತವಾಣಿ ಆಗಲಿ ಎಂದರು. ಧರಣೇಂದ್ರಯ್ಯನವರು ಇನ್ನೂ ಕೆಳಗೆ ಬಾಗಿ, ಗುರುಗಳ ಮುಂದೆ ನನ್ನದೇನು, ಮೊದಲು ತಾವೇ ಎಂದರು. ಹಿಡಿಕೆಯ ಕುರ್ಚಿಯನ್ನು ಇಬ್ಬರೂ ಒಬ್ಬರಿಗೊಬ್ಬರು ತೋರಿಸುತ್ತ ಅದರ ಎರಡು ಪಕ್ಕದಲ್ಲಿ ನಿಂತರು. ಕುರ್ಚಿ ಖಾಲಿ ಇತ್ತು. ಹನ್ನೆರಡೂವರೆಯಾದರೂ ಖಾಲಿ ಇತ್ತು.

ಮಗು ಎಸ್ತೇರಮ್ಮ ಸಿಸ್ಟರ್ ತೋಳಿನಲ್ಲಿ ಅಳುತ್ತಿತ್ತು. ಹುಟ್ಟಿದ ಮಗು ಮೊದಲು ಬರುವುದು ಅವರ ಕೈಗೆ. ವಾರ್ಡಿನ ಬಾಗಿಲು ತೆರೆದೇ ಇತ್ತು. ಹತ್ತು ಹೆಜ್ಜೆ ಆಚೆ ಮಂಚದ ಮೇಲೆ ಅಕ್ಕ ಮಲಗಿದ್ದಳು, ಅವಳ ಕಣ್ಣು ಆ ಬಿಳಿ ಬಟ್ಟೆಯ ಗಂಟಿನ ಮೇಲೇ ಇತ್ತು. ಅವಳು ಇನ್ನೂ ಮಗುವನ್ನು ಒಮ್ಮೆಯೂ ಎತ್ತಿಕೊಂಡಿರಲಿಲ್ಲ. ಪ್ರದಾನವಾಗದ ಮಗುವಿಗೆ ನಮ್ಮೂರಲ್ಲಿ ಎದೆಹಾಲು ಇಳಿಯುವುದಿಲ್ಲ, ಸಿಸ್ಟರ್ ಹತ್ತಿರ ಹಿಡಿದು ನೋಡಿದ್ದೂ ಆಗಿತ್ತು.

ನಮ್ಮ ಭಾವ ಶಿವಸ್ವಾಮಿ ಹೊರಗಿನ ಊರಿನವರು. ಮದುವೆಯಾಗಿ ಎರಡು ವರ್ಷವಾದರೂ ಅವರಿಗೆ ಇಲ್ಲಿನದು ಒಗ್ಗಿಲ್ಲ. ಮದುವೆಯ ಹೊಸತರಲ್ಲಿ ನನಗೆ ಕಾಫಿ ಲೋಟ ಕೊಟ್ಟು, ಅದು ಅವರ ಕೈಗೇ ವಾಪಸ್ ಹೋಗಿ, ಮತ್ತೆ ಕೊಟ್ಟು, ಮೇಜಿನ ಮೇಲಿಟ್ಟು ತಗೋ ಎಂದು, ಅದೂ ವಾಪಸ್ ಹೋಗಿ, ಕೊನೆಗೆ ಆ ಕಾಫಿ ತಾವೇ ಕುಡಿದವರು. ಆವತ್ತು ಅವರು ಪಡಸಾಲೆಯಲ್ಲಿ ಗೋಡೆಯಿಂದ ಗೋಡೆಗೆ ನಡೆಯುತ್ತಿದ್ದರು.

"ಅಲ್ಲ ಪುಲ್ಲಿ," ಎಂದು ಅವರು ನನ್ನನ್ನು ಪಕ್ಕಕ್ಕೆ ಕರೆದರು. "ಹೊಟ್ಟೆಯಿಂದ ಸಿಸ್ಟರ್ ಕೈಗೆ ಬಂತಲ್ಲ, ಆಗ ಯಾವ ಅತಿಥಿ ಇದ್ರು?"

"ಆಗ ಯಾರೂ ಕೊಟ್ಟಿಲ್ಲ ಭಾವ. ಅದೇ ಬಂತು."

ಭಾವ ಬಸ್ ಸ್ಟ್ಯಾಂಡಿನ ಬೆಂಚಿನಲ್ಲಿ ಕರೆಗೆ ಕಾದು ಕೂರುವ ಹಿರಿಯರಲ್ಲಿ ಇನ್ನೊಬ್ಬ ಯಾರನ್ನಾದರೂ ಕರೆತರುತ್ತೇನೆ ಎಂದು ಹೊರಟರು. ಹೋದಷ್ಟೇ ಬೇಗ ಒಬ್ಬರೇ ಬಂದರು. ಒಬ್ಬರು ಮುಖ್ಯ ಅತಿಥಿ ಬಂದು ನಿಂತಿರುವ ಕಡೆಗೆ ಇನ್ನೊಬ್ಬರು ಕಾಲಿಡುವುದಿಲ್ಲ, ಇಬ್ಬರು ನಿಂತಿದ್ದಾರೆ ಎಂದ ಮೇಲೆ ಆ ಬೀದಿಗೇ ಬರುವುದಿಲ್ಲ. ಬೆಂಚಿನವರು ಭಾವನಿಗೆ ಹಾಗೆಂದು ತಿಳಿಸಿ, ಒಂದು ಬನ್ನನ್ನು ಮಾತ್ರ ಅವರ ಕೈಗೆ ಪ್ರದಾನ ಮಾಡಿ, ತಾಳ್ಮೆಯ ಬಗ್ಗೆ ಎರಡು ಮಾತಾಡಿ ಕಳಿಸಿದ್ದರು.

ನಾನು ಇಬ್ಬರು ಹಿರಿಯರ ಕಾಲನ್ನೂ ಹಿಡಿದೆ. ಇಬ್ಬರೂ ಸೇರಿ ಎತ್ತಿಕೊಡಿ ಸಾರ್ ಎಂದೆ. ಅವರು ಒಪ್ಪಿದರು. ಹೆಡ್‌ಮಾಸ್ಟರು ತಲೆಯ ಕಡೆ ಹಿಡಿಯುತ್ತೇನೆ, ಅವರು ಕಾಲಿನ ಕಡೆ ಹಿಡಿಯಲಿ ಎಂದರು. ಧರಣೇಂದ್ರಯ್ಯನವರು ಅದನ್ನೇ ತಿರುಗಿಸಿ ಹೇಳಿದರು. ಮಗುವಿಗೆ ತಲೆ ಒಂದೇ. ಅಲ್ಲಿಗೆ ಆ ಮಾತು ನಿಂತಿತು. ಮಗುವಿನ ಅಳು ಅಷ್ಟು ಹೊತ್ತಿಗೆ ಸಣ್ಣದಾಗಿತ್ತು. ಜೋರಾಗಿದ್ದಾಗ ನನಗೆ ಅಷ್ಟು ಹೆದರಿಕೆಯಾಗಿರಲಿಲ್ಲ. ಗಂಟೆ ಒಂದೂವರೆ. ಎಸ್ತೇರಮ್ಮ ಸಿಸ್ಟರ್ ಗಡಿಯಾರ ನೋಡಿ, ಮಗುವಿನ ತುಟಿ ನೋಡಿ, ನನ್ನನ್ನು ನೋಡಿದರು.

ಆಗ ಆಸ್ಪತ್ರೆಯ ಬೆಕ್ಕು ಬಂತು. ಭಾವ ಬನ್ನನ್ನು ತಿನ್ನದೆ ಕಿಟಕಿಯ ಮೇಲಿಟ್ಟಿದ್ದರು. ಬೆಕ್ಕು ಅದನ್ನು ಕಚ್ಚಿಕೊಂಡು ವಾರ್ಡಿನೊಳಗೆ ಹೋಗಿ ಅಕ್ಕನ ಮಂಚದ ಕೆಳಗೆ ಕೂತು ಪೂರ್ತಿ ತಿಂದಿತು. ಹತ್ತು ಎಣಿಸಿದರೂ, ನೂರು ಎಣಿಸಿದರೂ ಆ ಬನ್ನು ಭಾವನ ಕೈಗೆ ಬರಲಿಲ್ಲ. ಬರುವುದೂ ಇಲ್ಲ. ಕದ್ದದ್ದಕ್ಕೆ ಅತಿಥಿ ಬೇಡ, ಅದು ನಮ್ಮೂರಲ್ಲಿ ಎಲ್ಲರಿಗೂ ಗೊತ್ತಿರುವ, ಯಾರೂ ಮಕ್ಕಳ ಮುಂದೆ ಹೇಳದ ವಿಷಯ.

ಒಂದು ನಿಮಿಷದಲ್ಲಿ ನನ್ನ ಫೋನು ನಡುಗಿತು. ಅಕ್ಕನ ಮೆಸೇಜು. 'ಸಿಸ್ಟರ್ ಕೈ ಎರಡೂ ಖಾಲಿ ಆಗೋ ಹಾಗೆ ಏನಾದ್ರೂ ಮಾಡು. ಅವರಿಗೆ ಗೊತ್ತಾಗ್ಬಾರ್ದು. ಯಾಕೆ ಅಂತ ಕೇಳ್ಬೇಡ.' ನಾನು ತಲೆಯೆತ್ತಿ ನೋಡಿದೆ. ಎರಡೂವರೆ ಗಂಟೆ ಹಿಂದೆ ಹೆತ್ತವಳು ಮಂಚದ ಅಂಚಿಗೆ ಸರಿದು ಕಾಲು ಕೆಳಗೆ ಬಿಟ್ಟಿದ್ದಳು.

ಎಸ್ತೇರಮ್ಮ ಸಿಸ್ಟರ್ ಕೈ ಖಾಲಿ ಮಾಡಿಸುವುದು ಸುಲಭವಲ್ಲ. ಇಪ್ಪತ್ತಾರು ವರ್ಷದಿಂದ ಆ ಆಸ್ಪತ್ರೆಯಲ್ಲಿ ಅವರ ಕೈಯಿಂದ ಒಂದು ಮಗುವೂ ತಪ್ಪಿಹೋಗಿಲ್ಲ. ನೀರು ಕುಡಿಯುವಾಗಲೂ ಒಂದು ತೋಳು ಮಗುವಿನ ಕೆಳಗೇ ಇರುತ್ತದೆ. ನಾನು ಯೋಚಿಸದೆ ವೇದಿಕೆ ಹತ್ತಿದೆ. ಯೋಚಿಸಿದ್ದರೆ ಹತ್ತುತ್ತಿರಲಿಲ್ಲ. ಕಾರ್ಯಕ್ರಮ ಶುರುವಾಗುವ ಮೊದಲು ಒಂದು ಚಿಕ್ಕ ಸನ್ಮಾನ ಇದೆ ಎಂದು ಹೇಳಿಬಿಟ್ಟೆ. ಯಾರಿಗೆ ಎಂದು ಇಬ್ಬರು ಅತಿಥಿಗಳೂ ಒಟ್ಟಿಗೆ ಕೇಳಿದರು. ಎಸ್ತೇರಮ್ಮ ಸಿಸ್ಟರ್‌ಗೆ ಎಂದೆ.

ಆಮೇಲೆ ಏನು ಹೇಳಬೇಕೆಂದು ಗೊತ್ತಿರಲಿಲ್ಲ, ಬಾಯಿಗೆ ಬಂದದ್ದನ್ನು ಹೇಳಿದೆ. ನಮ್ಮೂರಿನ ಪ್ರತಿ ಮನೆಯ ಗೋಡೆಯ ಮೇಲೂ ಒಂದು ಫೋಟೋ ಇದೆ. ಮುಖ್ಯ ಅತಿಥಿಗಳು ತಾಯಿಯ ಕೈಗೆ ಮಗುವನ್ನು ಪ್ರದಾನ ಮಾಡುತ್ತಿರುವ ಫೋಟೋ. ಅತಿಥಿಗಳು ಕ್ಯಾಮರಾ ನೋಡುತ್ತಿರುತ್ತಾರೆ, ತಾಯಿ ಮಗುವನ್ನು ನೋಡುತ್ತಿರುತ್ತಾಳೆ, ಎಡಗಡೆ ಅಂಚಿನಲ್ಲಿ ಒಂದು ಮೊಣಕೈ ಇರುತ್ತದೆ. ನಮ್ಮ ಮನೆಯಲ್ಲಿರುವ ನನ್ನ ಫೋಟೋದಲ್ಲೂ ಇದೆ. ಚಿಕ್ಕವಳಿದ್ದಾಗ ನಾನು ಅದು ಯಾರ ಮೊಣಕೈ ಎಂದು ಕೇಳಿದ್ದೆ, ಅಮ್ಮ ಅದು ಆಸ್ಪತ್ರೆಯದು ಅಂದಿದ್ದಳು. ಆ ಮೊಣಕೈ ಇವರದು, ಊರಿಗೆ ಊರೇ ಇವರ ಕೈಯಿಂದ ಬಂದದ್ದು, ಇವರಿಗೆ ಮಾತ್ರ ಯಾರ ಕೈಯಿಂದಲೂ ಏನೂ ಬಂದಿಲ್ಲ ಎಂದೆ. ಇದೆಲ್ಲ ಸಿಸ್ಟರಿಗೆ ಮೋಸ ಮಾಡಲು ಶುರು ಮಾಡಿದ್ದು. ಹೇಳುತ್ತಾ ಹೇಳುತ್ತಾ ಅದೆಲ್ಲ ನಿಜ ಎಂದು ನನಗೇ ಗೊತ್ತಾಯಿತು.

ಭಾವನಿಗೆ ಏನು ಅರ್ಥವಾಯಿತೋ, ಮಗುವಿನ ಅತಿಥಿಗೆಂದು ತಂದಿಟ್ಟಿದ್ದ ಶಾಲನ್ನು ತಂದು ಮೇಜಿನ ಮೇಲಿಟ್ಟರು. ಶಾಲಿಗೆ ಎರಡು ತುದಿ ಇರುವುದು ನನ್ನ ಪುಣ್ಯ. ಎರಡು ತುದಿಗೂ ಒಂದೇ ಅಂಚು, ಒಂದೇ ಕುಚ್ಚು. ಹೆಡ್‌ಮಾಸ್ಟರು ಒಂದನ್ನು ಹಿಡಿದರು, ಧರಣೇಂದ್ರಯ್ಯನವರು ಇನ್ನೊಂದನ್ನು ಹಿಡಿದರು. ಎರಡು ಗಂಟೆಯಲ್ಲಿ ಅವರಿಬ್ಬರೂ ಒಪ್ಪಿ ಮಾಡಿದ ಮೊದಲ ಕೆಲಸ ಅದು.

ಸಿಸ್ಟರ್ ಬೇಡ ಬೇಡ ಅಂದರು, ಡ್ಯೂಟಿ ಟೈಮು ಅಂದರು. ಕಣ್ಣು ಮಾತ್ರ ಶಾಲಿನ ಮೇಲಿತ್ತು. ಸನ್ಮಾನ ಮಾಡಿಸಿಕೊಳ್ಳುವವರು ಎರಡೂ ಕೈ ಜೋಡಿಸಬೇಕು. ಅವರು ಮಗುವನ್ನು ವಾರ್ಡಿನ ಬಾಗಿಲ ಪಕ್ಕದ ತೊಟ್ಟಿಲಿನಲ್ಲಿ ಮಲಗಿಸಿದರು. ಎರಡು ಸಲ ತಿರುಗಿ ನೋಡಿದರು. ಆಮೇಲೆ ವೇದಿಕೆಗೆ ಬಂದು, ಕೈ ಮುಗಿದು, ತಲೆ ಬಗ್ಗಿಸಿದರು. ಅತಿಥಿಗಳು ಒಬ್ಬರ ಮಾತಿನ ಮೇಲೊಬ್ಬರು ಎರಡೆರಡು ಮಾತಾಡಿದರು. ಶಾಲು ಹೆಗಲಿಗೆ ಬಿತ್ತು, ಅಲ್ಲೇ ನಿಂತಿತು. ನಾನು ಫೋಟೋ ತೆಗೆದೆ. ಆ ಫೋಟೋದಲ್ಲಿ ಸಿಸ್ಟರ್ ಪೂರ್ತಿ ಇದ್ದಾರೆ, ಎರಡೂ ಮೊಣಕೈ ಇವೆ, ಮುಖ ಅಳುವಿಗೂ ನಗುವಿಗೂ ನಡುವೆ ಇದೆ. ಹಿಂದೆ, ಸ್ವಲ್ಪ ಮಸುಕಾಗಿ, ಆಸ್ಪತ್ರೆ ಗೌನಿನಲ್ಲಿ ನನ್ನ ಅಕ್ಕ ತೊಟ್ಟಿಲಿನ ಮೇಲೆ ಬಗ್ಗಿದ್ದಾಳೆ.

ಪಡಸಾಲೆಯಲ್ಲಿ ಅಳು ನಿಂತಿತು. ಅಳು ನಿಂತದ್ದರಿಂದಲೇ ಎಲ್ಲರಿಗೂ ಗೊತ್ತಾದದ್ದು. ಸಿಸ್ಟರ್ ಶಾಲು ಹೊದ್ದುಕೊಂಡೇ ಓಡಿದರು, ಖಾಲಿ ತೊಟ್ಟಿಲು ನೋಡಿದರು, ವಾರ್ಡಿನ ಬಾಗಿಲಿಗೆ ಹೋದರು. ಅಕ್ಕ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಹೊದಿಕೆಯೊಳಗಿಂದ ಚಪ್ಪರಿಸುವ ಸದ್ದು ಬರುತ್ತಿತ್ತು. ಹಾಲು ಇಳಿದಿತ್ತು.

ನಾನು ಮನಸ್ಸಿನಲ್ಲೇ ಎಣಿಸಿದೆ. ಹತ್ತಾಯಿತು. ಇಪ್ಪತ್ತಾಯಿತು. ಮಗು ಅಕ್ಕನ ಹತ್ತಿರವೇ ಇತ್ತು. ಎಸ್ತೇರಮ್ಮನವರ ಮುಖದಲ್ಲಿ ಮೊದಲು ಗಾಬರಿ ಇಳಿಯಿತು, ಆಮೇಲೆ ತುಟಿಯ ಕೊನೆ ಸ್ವಲ್ಪ ಸಡಿಲವಾಯಿತು. ಹೋಗ್ಲಿ ಬಿಡಿ ಸಿಸ್ಟರ್, ತಾಯೀನೇ ತಾನೇ ಎಂದು ಭಾವ ಹೇಳಿದರು. ಆ ಕ್ಷಣ ಹೊದಿಕೆ ಅಲುಗಾಡಿತು. ಯಾರೋ ಕಾಣದ ಕೈ ಎಳೆಯುತ್ತಿರುವ ಹಾಗೆ ಗಂಟು ಬಾಗಿಲ ಕಡೆ ಒಂದು ಗೇಣು ಜರುಗಿತು, ಅಕ್ಕ ಚೀರಿ ತಬ್ಬಿಕೊಂಡಳು. ಸಿಸ್ಟರ್ ತಕ್ಷಣ ತುಟಿ ಬಿಗಿದರು.

"ಬಾಯ್ಮುಚ್ರೀ," ಎಂದರು ಭಾವನಿಗೆ. ಆಮೇಲೆ ಮಂಚದ ಕಡೆ ನೋಡಿ, ಒಂದೊಂದೇ ಅಕ್ಷರ ಒತ್ತಿ, "ಕಳ್ಳಿ," ಎಂದರು.

ಹೊದಿಕೆ ಸುಮ್ಮನಾಯಿತು.

ಅವರು ಅಲ್ಲಿಂದ ನೇರ ಪೊಲೀಸ್ ಠಾಣೆಗೆ ಹೋದರು. ನಾನೂ ಹಿಂದೆಯೇ ಹೋದೆ. ಹೆಡ್ ಕಾನ್‌ಸ್ಟೇಬಲ್ ಚೆನ್ನವೀರಯ್ಯ ದೂರು ಕೇಳಿ ಪೆನ್ನು ಕೆಳಗಿಟ್ಟರು. ತಾಯಿಯೇ ತನ್ನ ಮಗುವನ್ನು ಕದ್ದದ್ದಕ್ಕೆ ಕೇಸೇನಮ್ಮ, ದೊಡ್ಡ ಮನಸ್ಸು ಮಾಡಿ ರಾಜಿ ಮಾಡ್ಕೊಳ್ಳಿ ಎಂದರು. ಸಿಸ್ಟರ್ ಅವರಿಗೆ ಸೈಕಲ್ಲಿನ ಕಥೆ ನೆನಪಿಸಿದರು. ಒಮ್ಮೆ ಒಬ್ಬನ ಸೈಕಲ್ ಕಳುವಾಗಿ, ಒಂದು ತಿಂಗಳ ಮೇಲೆ ಅವನಿಗೆ ಕಳ್ಳನ ಮೇಲೆ ಕನಿಕರ ಬಂದು, ಪಾಪ ಇಟ್ಕೊಳ್ಳಲಿ ಎಂದುಬಿಟ್ಟಿದ್ದ. ಬಿಟ್ಟುಕೊಟ್ಟ ಮೇಲೆ ಅದು ಕಳವಲ್ಲ, ಕೊಟ್ಟ ಹಾಗೆ. ಆ ಹೊತ್ತಿಗೆ ಕಳ್ಳ ಕೋಟೆ ಇಳಿಜಾರಿನಲ್ಲಿ ಬರುತ್ತಿದ್ದ. ಸೈಕಲ್ಲು ಅವನ ಕೆಳಗಿಂದ ಮಾಯವಾಗಿ ಮಾಲೀಕನ ಅಂಗಳದಲ್ಲಿ ನಿಂತಿತು, ಕಳ್ಳ ಮಾತ್ರ ಇಳಿಜಾರಿನ ಕೊನೆಯವರೆಗೂ ಹಾಗೇ ಬಂದ. ಅವನ ಮುಂದಿನ ಎರಡು ಹಲ್ಲು ಇವತ್ತಿಗೂ ಇಲ್ಲ.

"ನಾನು ಬಿಟ್ಟೆ ಅಂದ್ರೆ ಮಗು ನನ್ನ ತೋಳಲ್ಲಿರುತ್ತೆ," ಎಂದರು ಸಿಸ್ಟರ್. "ಆಮೇಲೆ ಅದಕ್ಕೆ ಹಾಲು ಕುಡಿಸೋಕೆ ನೀವು ಬರ್ತೀರಾ? ಬರ್ಕೊಳ್ಳಿ. ಕಳುವಾಗಿದೆ. ನನಗೆ ತುಂಬಾ ಬೇಜಾರಾಗಿದೆ."

ಚೆನ್ನವೀರಯ್ಯ ಬರೆದುಕೊಂಡರು. ಇಪ್ಪತ್ತಾರು ವರ್ಷದ ನಂತರ ಆಸ್ಪತ್ರೆಯ ರಿಜಿಸ್ಟರಿನಲ್ಲಿ ಎಸ್ತೇರಮ್ಮನವರ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ, ಒಂದು ಮಗು ಕಾಣೆ, ಎಂದು ಬಿತ್ತು. ಮಗುವನ್ನು ಒಮ್ಮೆ ಅವರ ಕೈಗೆ ಒಪ್ಪಿಸಿ, ಸರಿಯಾಗಿ ವೇದಿಕೆ ಮೇಲೆ ಪ್ರದಾನ ಮಾಡಿಸಿಬಿಡೋಣ ಎಂದು ಅಮ್ಮ ಹೇಳಿದ್ದುಂಟು. ಆದರೆ ಆ ಮಗುವಿನ ಮುಖ್ಯ ಅತಿಥಿಗಳು ಇಬ್ಬರು. ಇಬ್ಬರೂ ಇನ್ನೂ ತಮ್ಮ ಭಾಷಣವನ್ನು ಜೇಬಿನಲ್ಲಿಟ್ಟುಕೊಂಡೇ ಓಡಾಡುತ್ತಾರೆ, ಎದುರಾದಾಗಲೆಲ್ಲ ಒಬ್ಬರಿಗೊಬ್ಬರು ಕೈ ಮುಗಿದು, ತಾವೇ ಮೊದಲು ಎನ್ನುತ್ತಾರೆ.

ಈಗ ಮಗುವಿಗೆ ನಾಲ್ಕು ವರ್ಷ. ಹೆಸರು ಸೌಗಂಧಿ. ಪ್ರತಿ ಹುಟ್ಟುಹಬ್ಬಕ್ಕೆ ಎಸ್ತೇರಮ್ಮ ಸಿಸ್ಟರ್ ನಮ್ಮ ಮನೆಗೆ ಬರುತ್ತಾರೆ, ಕರೆಯದೆಯೇ ಬರುತ್ತಾರೆ. ಮುಖ ಗಂಟು ಹಾಕಿಕೊಂಡು ಕೂರುತ್ತಾರೆ. ಕಾಫಿ ಮುಟ್ಟುವುದಿಲ್ಲ. ಅಕ್ಕ ಕಳ್ಳಿಯ ಹಾಗೆ ಬಾಗಿಲ ಹಿಂದೆ ನಿಲ್ಲುತ್ತಾಳೆ. ಅವರು ಸೌಗಂಧಿಯನ್ನು ಮೇಲಿಂದ ಕೆಳಗೆ ನೋಡಿ, ಇದು ನನ್ನ ಕೈಯಿಂದ ಕದ್ದ ಮಗು ಎಂದು ಗಟ್ಟಿಯಾಗಿ ಹೇಳಿ, ಅಲ್ಲಿಂದ ಠಾಣೆಗೆ ಹೋಗಿ ಇನ್ನೂ ಸಿಕ್ಕಿಲ್ಲ ಎಂದು ಸಹಿ ಹಾಕಿ ಬರುತ್ತಾರೆ.

ಈ ವರ್ಷ ಸೌಗಂಧಿ ಅವರ ತೊಡೆ ಹತ್ತಿದಳು. ಯಾರೂ ಹತ್ತಿಸಲಿಲ್ಲ, ಅವಳೇ ಹತ್ತಿದಳು. ಹತ್ತಿ ಅವರ ಕನ್ನಡಕ ತೆಗೆದು ತಾನು ಹಾಕಿಕೊಂಡು, ನಾನು ಸಿಸ್ಟರು, ಎಲ್ಲಿ ನಾಲಿಗೆ ತೋರ್ಸು, ಎಂದಳು. ಎಸ್ತೇರಮ್ಮ ನಾಲಿಗೆ ತೋರಿಸಿದರು. ಹಾಗೆ ತೋರಿಸಿದವರ ಮುಖ ಪೂರ್ತಿ ಅರಳಿಹೋಯಿತು. ಬಾಗಿಲ ಹಿಂದೆ ಅಕ್ಕ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಸೌಗಂಧಿಯ ಫ್ರಾಕಿನ ಅಂಚು ಗಾಳಿಯಿಲ್ಲದೆ ಅಲ್ಲಾಡಿತು, ಅವಳು ಆ ತೊಡೆಗೆ ಅಂಟಿಕೊಂಡ ಹಾಗೆ ಕಂಡಿತು.

ಎಸ್ತೇರಮ್ಮ ಅವಳನ್ನು ಕೆಳಗೆ ತಳ್ಳಿ ಎದ್ದರು. ಕನ್ನಡಕ ಕಿತ್ತುಕೊಂಡು, ಕಳ್ಳಿಗೆ ಹುಟ್ಟಿದ ಕಳ್ಳಿ ಎಂದು ಬೈದು ಹೊರಗೆ ನಡೆದರು. ಸೌಗಂಧಿ ಅಳುತ್ತಾ ತನ್ನ ಅಮ್ಮನ ಹತ್ತಿರ ಓಡಿದಳು, ಓಡಲು ಅವಳಿಗೆ ಆಯಿತು. ನಾನು ಗೇಟಿನವರೆಗೂ ಸಿಸ್ಟರ್ ಹಿಂದೆ ಹೋದೆ. ಅವರು ಅಲ್ಲಿ ನಿಂತು ನನ್ನ ಕಡೆ ತಿರುಗಿದರು.

"ಪುಲ್ಲಿ, ನಾನು ನಕ್ಕೆನೇನೇ?"

ಸ್ವಲ್ಪ ಎಂದೆ.

"ವರ್ಷ ವರ್ಷ ಕಷ್ಟ ಆಗ್ತಾ ಇದೆ ಕಣೇ. ಹಳೇ ದೂರು ಸಾಕಾಗಲ್ಲ. ಹೊಸದೊಂದು ಬರಿ, ಓದಿದ್ರೆ ನನಗೆ ಸಿಟ್ಟು ಬರೋ ಹಾಗೆ ಖಾರವಾಗಿ ಬರಿ."

ನಾನು ಅಲ್ಲೇ ಗೇಟಿಗೆ ಒರಗಿ ಸಿಸ್ಟರ್ ಪರವಾಗಿ ಫೋನಿನಲ್ಲಿ ಬರೆದೆ. ಇಂಥ ಮೋಸಗಾರ ಕುಟುಂಬವನ್ನು ನಾನು ಎಲ್ಲೂ ಕಂಡಿಲ್ಲ ಎಂದು ಬರೆದೆ, ಅದರಲ್ಲೂ ತಂಗಿ ಎನಿಸಿಕೊಂಡವಳು ಮೈಕಿನ ಮುಂದೆ ನಿಂತು ಬಾಯಿತುಂಬ ಹೊಗಳಿ ಮೋಸ ಮಾಡಿದಳು ಎಂದು ಬರೆದೆ. ಓದಿ ಹೇಳಿದೆ. ಸಿಸ್ಟರ್ ಮುಖ ಬಿಗಿದುಕೊಂಡು ಕೇಳುತ್ತಿದ್ದರು, ಹ್ಞೂಂ, ಹ್ಞೂಂ, ಎನ್ನುತ್ತಿದ್ದರು. ಕೊನೆಯಲ್ಲಿ ಕಳುವಾದ ಮಗುವಿನ ಗುರುತು ಬರೆಯಬೇಕು. ಎಡಗಿವಿಯ ಹಿಂದೆ ಎಳ್ಳಿನಷ್ಟು ಮಚ್ಚೆ ಎಂದು ಓದಿದೆ.

"ಬಲಗಿವಿ," ಎಂದರು ಎಸ್ತೇರಮ್ಮ ಸಿಸ್ಟರ್.